ಹಳೇಬೀಡಿನೊಳಗೊಂದು ಕಾಪಿರೈಟ್ ಚಿಹ್ನೆ

"ಹಳೇಬೀಡು" ಅನ್ನೋ ಹೆಸರಿನೊಳಗೆ ಒಂದು ಕಾಪಿರೈಟ್ ಚಿಹ್ನೆ ಕೂತಿದೆ ಅಂದ್ರೆ ನಂಬ್ತೀರಾ? ಅದರ ಹಿಂದೆಯೇ ಕಾಲು ಭಾಗ ಅಂತ ಸೂಚಿಸುವ ಭಿನ್ನರಾಶಿಯೂ ಇದೆ. ಬೇಲೂರಿನ "ಲೂ" ಒಳಗೆ ರಿಜಿಸ್ಟರ್ಡ್ ಟ್ರೇಡ್‌ಮಾರ್ಕ್ ಚಿಹ್ನೆ. ನಮ್ಮ ಅರಸೀಕೆರೆಯ "ಸೀ"ಯಲ್ಲಿ, ಗಣಿತದಲ್ಲಿ ಘಾತ ಅಂತ ತಲೆಮೇಲೆ ಪುಟ್ಟದಾಗಿ ಬರೀತೀವಲ್ಲ, ಆ ಥರದ ಒಂದು!

ಇದು ಹೊಯ್ಸಳರು ಬಿಟ್ಟುಹೋದ ಒಗಟಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣೋದೇ ಇದು. "ಕನ್ನಡ" ಅನ್ನೋ ಪದವೇ ಹೀಗೆ ಬರುತ್ತೆ: ಇಂಗ್ಲಿಷಿನ ಪಿ, ತಲೆಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎರಡೆಸ್ಸಿನ ಅಕ್ಷರ, ಕ್ಯೂ, ಇನ್ನೊಂದು ಗೀಟಿನ ಎ. ಒಟ್ಟು 7 ಸಂಕೇತ. "ಕರ್ನಾಟಕ" ಅಂತ ಬರೆದರೆ ಅರ್ಕಾವತ್ತಿನ ಜಾಗದಲ್ಲಿ ಐಸ್‌ಲ್ಯಾಂಡ್ ಭಾಷೆಯ ಅಕ್ಷರವೊಂದು ಬಂದು ಕೂರುತ್ತೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದೀವಿ ಅಷ್ಟೇ. ವೇಷ ಕಳಚಿದ ಕೂಡಲೇ ಬಣ್ಣ ಬಯಲು.

ಕನ್ನಡದಲ್ಲಿ ಬ್ಲಾಗ್ ಬರೆಯೋ ನಾವೆಲ್ಲ ಯೂನಿಕೋಡ್ ಮಂದಿ. ಆದರೆ ನಮ್ಮೂರಿನ ಕಡೆ ಇಪ್ಪತ್ತು-ಮೂವತ್ತು ವರ್ಷ ಕಂಪ್ಯೂಟರಿನಲ್ಲಿ ಕನ್ನಡ ಅಂದ್ರೆ ಈ ವೇಷದ ಕನ್ನಡವೇ ಆಗಿತ್ತು. ಅದನ್ನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸೋಕೆ, ಹಳೇದನ್ನ ಹೊಸದಕ್ಕೆ ಬದಲಾಯಿಸೋಕೆ ಯಾವ ಪರಿವರ್ತಕ ಹಿಡೀಬೇಕು ಅನ್ನೋ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದನ್ನ ಬರೆದಿಡೋಣ ಅನ್ನಿಸ್ತು.

* * *

ಮೊದಲು, ಹೀಗೇಕಾಯ್ತು ಅನ್ನೋದು.

ಹಳೆಯ ಫಾಂಟುಗಳಲ್ಲಿ ಇದ್ದದ್ದು 256 ಮನೆ. ಅದರಲ್ಲಿ ಮೊದಲ 32 ಕಂಪ್ಯೂಟರಿನ ಸ್ವಂತ ಬಳಕೆಗೆ. ಉಳಿದದ್ದರಲ್ಲಿ ಇಡೀ ಕನ್ನಡ ಹಿಡಿಸಬೇಕು. ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಸಾವಿರಾರು ರೂಪ. ಹಾಗಾಗಿ ಫಾಂಟ್ ಮಾಡಿದವರು ಅಕ್ಷರವನ್ನೇ ಕತ್ತರಿಸಿದರು. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಒಂದು ತುಂಡು, ಒತ್ತುಗಳು ಬೇರೆ ಬೇರೆ ತುಂಡು. "ಧ" ಅಂದ್ರೆ "ದ"ಕ್ಕೆ ಹೊಟ್ಟೆ ಸೀಳಿದ ಗೆರೆ ಒಂದು ಪ್ರತ್ಯೇಕ ತುಂಡು. ಕಣ್ಣಿಗೆ ಸರಿ ಕಂಡರೆ ಸಾಕು, ಒಳಗೇನಿದೆ ಯಾರಿಗೆ ಬೇಕು?

ಈ ಬುದ್ಧಿ ಕಂಪ್ಯೂಟರಿನದ್ದಲ್ಲ, ಅಚ್ಚುಮೊಳೆಯದ್ದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾದಾಗಿನಿಂದ ಮೊಳೆ ಜೋಡಿಸುವವರು ಮಾಡುತ್ತಿದ್ದದ್ದು ಇದನ್ನೇ: ತುಂಡುಗಳನ್ನು ಸಾಲಾಗಿ ಇಡೋದು. ಡಿಟಿಪಿ ಬಂದಾಗ ಸೀಸ ಹೋಯಿತು, ಬುದ್ಧಿ ಉಳಿಯಿತು. ಪುಸ್ತಕ ಅಚ್ಚು ಹಾಕುವುದೊಂದೇ ಗುರಿಯಾಗಿದ್ದರೆ ಅದರಲ್ಲಿ ತಪ್ಪೂ ಇರಲಿಲ್ಲ. ಬಟರ್ ಪೇಪರಿನ ಮೇಲೆ ಪ್ರಿಂಟ್ ಬಂದರೆ ಆಯ್ತು, ಅಲ್ಲಿಗೆ ಕಡತದ ಋಣ ತೀರಿತು.

ಇನ್ನೊಂದು ದಾರಿಯೂ ಇತ್ತು. ಕಾಣೋ ತುಂಡಿಗಲ್ಲ, ಅಕ್ಷರಕ್ಕೇ ಸಂಕೇತ ಕೊಡೋದು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಆಮೇಲೆ ಪುಣೆಯ ಸಿಡ್ಯಾಕ್‌ಗೆ ಹೋದ ಜಿಸ್ಟ್ ಕೆಲಸ ಈ ದಾರಿಯದ್ದು. ಡಾಸ್ ಕಾಲದ ಕಂಪ್ಯೂಟರಿನೊಳಗೆ ಒಂದು ಜಿಸ್ಟ್ ಕಾರ್ಡ್ ಕೂರಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಬರ್ತಿದ್ದವು. ಅದರ ಸಂಕೇತವ್ಯವಸ್ಥೆ ಇಸ್ಕಿ 1991ರಲ್ಲಿ ಭಾರತೀಯ ಮಾನಕವೂ ಆಯ್ತು. ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಸಿಕ್ಕಿತು. ಆ ಬೀದಿಯ ನಕ್ಷೆ 1988ರ ಇಸ್ಕಿ ಕರಡಿನ ಮೇಲೆ ಆಧರಿಸಿದ್ದು. ಅಂದ್ರೆ ನಾವು ಈಗ ಬಳಸೋ ಸಂಕೇತ ನಿನ್ನೆ ಮೊನ್ನೆಯದಲ್ಲ. ನುಡಿ, ಬರಹಗಳಿಗಿಂತ ಹಿರಿಯ! ಬಳಕೆಗೆ ಬರೋಕೆ ಮಾತ್ರ ಹತ್ತು ಹನ್ನೆರಡು ವರ್ಷ ಹಿಡೀತು. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ನೆಟ್ಟಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, "ಸಂಕೀರ್ಣ ಲಿಪಿ" ಅನ್ನೋ ಚೌಕಕ್ಕೆ ಟಿಕ್ ಹಾಕಿ, ಅದು ಎಕ್ಸ್‌ಪಿ ಸಿಡಿ ಕೇಳಿ, ಸಿಡಿ ಎಲ್ಲಿದೆ ಅಂತ ಹುಡುಕಿ... ನೆನಪಿದೆ ತಾನೆ? :-)

ಆ ನಡುವಿನ ಹತ್ತು ವರ್ಷದಲ್ಲಿ ಜಾಗ ತುಂಬಿದವರು ಬೇರೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸೊನಾಟಾದ ಪ್ರಕಾಶಕ್. ಒಂದೊಂದಕ್ಕೂ ತನ್ನದೇ ತುಂಡುಗಳು, ತನ್ನದೇ ಮನೆಸಂಖ್ಯೆ. ಒಂದರಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ಓದಕ್ಕಾಗಲ್ಲ. ಅದೊಂದು ವ್ಯಾಪಾರದ ಜಾಣತನವೂ ಇರಬಹುದು. ಆದರೆ ನನಗನ್ನಿಸೋದು, ಬಹುಪಾಲು ಅದು ಬರೀ ಉದಾಸೀನ. ಪಕ್ಕದವನ ಫಾಂಟಿನಲ್ಲಿ ತೆರೆಯಬೇಕಾದೀತು ಅಂತ ಯಾರೂ ಯೋಚಿಸಿರಲೇ ಇಲ್ಲ.

ದುಡ್ಡಿಲ್ಲದವರ ಪಾಲಿಗೆ ಬಂದವರು ಕೆ. ಪಿ. ರಾವ್. ಮೊನೊಟೈಪ್‌ನಲ್ಲಿ ಅಕ್ಷರಗಳ ನಡುವೆಯೇ ಕೆಲಸ ಮಾಡಿದವರು. ಅವರು ಮಾಡಿದ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ "ಸೇಡಿಯಾಪು" ಅಂತಲೇ ಹೆಸರು, ಹಂಚಿದ್ದು ಉಚಿತವಾಗಿ. ಅವರ ಕೀಲಿಮಣೆ ವಿನ್ಯಾಸವನ್ನೇ ಆಮೇಲೆ ಸರ್ಕಾರ ಶಿಷ್ಟತೆಯ ತಳಹದಿಯಾಗಿ ಇಟ್ಟುಕೊಂಡಿತು. ಉಚ್ಚಾರದಂತೆ ಒತ್ತುತ್ತಾ ಹೋಗೋದು, ಒತ್ತಕ್ಷರ ಬೇಕಾದಾಗ ನಡುವೆ ಒಂದು ಕೊಂಡಿ ಕೀಲಿ. ಇದನ್ನ ಗಮನಿಸಿ: ಬೆರಳು ಅಕ್ಷರದ ತರ್ಕವನ್ನೇ ಹಿಡಿಯುತ್ತಿತ್ತು, ಕಡತಕ್ಕೆ ಮಾತ್ರ ತುಂಡುಗಳು ಬೀಳುತ್ತಿದ್ದವು.

1996ರಲ್ಲಿ ಯು. ಬಿ. ಪವನಜರ ವಿಶ್ವಕನ್ನಡ ಜಾಲತಾಣ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ. ಅದಾದ ಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ. ಬರಹ, ನುಡಿ ಎರಡರ ಫಾಂಟ್ ಸಂಕೇತಗಳೂ ಹೆಚ್ಚುಕಡಿಮೆ ಒಂದೇ. ಅದರ ಸುತ್ತ ಆಗಿನ ಕಾಲದಲ್ಲಿ ಎದ್ದ ಜಗಳ ನಿಮಗೆ ಗೊತ್ತಿರುತ್ತೆ, ಇಲ್ಲಿ ಬೇಡ. ಬಳಸೋರಿಗೆ ಆದ ಲಾಭ ಮಾತ್ರ ದೊಡ್ಡದು. ಕೊನೆಗೂ ಎರಡು ತಂತ್ರಾಂಶಗಳ ನಡುವೆ ಕಡತ ಓಡಾಡೋ ಹಾಗಾಯ್ತು.

* * *

ಅರಸೀಕೆರೆ ಅಂದ್ರೆ ಕೊಬ್ಬರಿ ಮತ್ತು ರೈಲು. ಬೆಂಗಳೂರು-ಹುಬ್ಬಳ್ಳಿ ಹಾದಿಯಲ್ಲಿ ಹಾಸನ-ಮಂಗಳೂರಿನ ಕಡೆ ಕವಲೊಡೆಯುವ ಜಂಕ್ಷನ್. ಡಿಟಿಪಿ ಅಂಗಡಿಗಳಿಗೂ ಇದರಿಂದಲೇ ಹೊಟ್ಟೆ ತುಂಬುತ್ತಿದ್ದದ್ದು: ಮಂಡಿಯವರ ಬಿಲ್ ಪುಸ್ತಕ, ಮದುವೆ ಕಾಗದ, ಜಾತ್ರೆಯ ಕರಪತ್ರ, ಅಪರೂಪಕ್ಕೆ ಒಂದು ಪುಸ್ತಕ. ಹೆಚ್ಚಿನ ಕಡೆ ಇದ್ದದ್ದು ವಿಂಡೋಸ್ 98, ಪೇಜ್‌ಮೇಕರ್, ಮತ್ತೆ ಹಿಂದುಗಡೆ ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸಿದ ಒಂದು "ಲಾಕ್". ಆ ಕಾಲದ ಹಲವು ವಾಣಿಜ್ಯ ತಂತ್ರಾಂಶಗಳು ಈ ಲಾಕ್ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಬೆರಳುದ್ದದ ಆ ವಸ್ತು ಹೋಯ್ತು ಅಂದ್ರೆ ಬೀಗದ ಕೈಯೇ ಹೋದ ಹಾಗೆ.

ಬೇಲೂರಿನಲ್ಲೋ ಹಳೇಬೀಡಿನಲ್ಲೋ ಟೈಪ್ ಆದದ್ದು ಫ್ಲಾಪಿಯಲ್ಲಿ ಬಸ್ಸು ಹತ್ತಿ ಬರುತ್ತಿತ್ತು. ಫ್ಲಾಪಿಯ ಅಳತೆ 1.44 ಎಂಬಿ. ಕಡತದ ಜೊತೆ ಫಾಂಟೂ ಹಾಕಿ ಕೊಡಿ ಅನ್ನೋದು ಆ ಕಾಲದ ಮೊದಲ ಪಾಠ. ತಮಾಷೆ ಅಂದ್ರೆ ಜಾಗದ ವಿಷಯದಲ್ಲಿ ವೇಷದ ಕನ್ನಡವೇ ಮೇಲು. "ಕನ್ನಡ" ಅನ್ನೋ ಪದ ಅದರಲ್ಲಿ 7 ಬೈಟ್. ಯೂನಿಕೋಡಿನಲ್ಲಿ ಸಂಕೇತಗಳು ಐದೇ ಆದರೂ, ಜಾಲದಲ್ಲಿ ನಾವು ಬಳಸೋ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್ ಹಿಡಿದು 15 ಆಗುತ್ತೆ.

ರೈಲಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ಹಾಸನ-ಮಂಗಳೂರು ಮೀಟರ್‌ಗೇಜ್ ದಾರಿ 1979ರಲ್ಲಿ ಪೂರ್ತಿಯಾಯ್ತು. ಗೇಜ್ ಬದಲಾಯಿಸೋಕೆ ಅಂತ 1996ರಲ್ಲಿ ಮುಚ್ಚಿದ್ದು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಒಂದು ಸಾವಿರ ಮಿಲಿಮೀಟರ್ ಅಗಲದ ಹಳಿಯನ್ನ 1676ಕ್ಕೆ ಹಿಗ್ಗಿಸೋಕೆ ಹನ್ನೊಂದು ವರ್ಷ! ಎರಡು ಹಳಿಗಳ ಅಗಲ ಬೇರೆಯಾದರೆ ಬೋಗಿ ದಾಟಲ್ಲ, ಸರಕನ್ನ ಕೈಯಾರೆ ಇಳಿಸಿ ಹತ್ತಿಸಬೇಕು. ಫಾಂಟುಗಳ ಕಥೆಯೂ ಅದೇ. ಹತ್ತಿಸಿ ಇಳಿಸೋ ಹಮಾಲಿಯೇ ಪರಿವರ್ತಕ ತಂತ್ರಾಂಶ.

* * *

ಹಾಗಾದರೆ ಪರಿವರ್ತಕ ಮಾಡೋದು ಸುಲಭ ಅಲ್ವಾ? ಒಂದು ಪಟ್ಟಿ ಇಟ್ಟುಕೊಂಡು, ಪೌಂಡ್ ಚಿಹ್ನೆ ಕಂಡರೆ "ನ" ಹಾಕು ಅಂದರಾಯ್ತು? ಇಲ್ಲ. ವಿಷ್ಣುವರ್ಧನನನ್ನು ಕೇಳಿ. (ಸಿನಿಮಾದವರಲ್ಲ, ಬೇಲೂರಿನವನು. 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ದೊರೆ.)

"ವಿಷ್ಣು" ಅನ್ನೋದು ಹಳೆಯ ಫಾಂಟಿನಲ್ಲಿ ಕೂರೋ ಸಾಲು: ವಿ, ಷ, ಕೊಂಬು, ಣ-ಒತ್ತು. ಕಣ್ಣಿಗೆ ಎಡದಿಂದ ಬಲಕ್ಕೆ ಕಾಣೋ ಸಾಲು ಇದು. ಬಾಯಲ್ಲಿ ಮೊದಲು ಷ್, ಆಮೇಲೆ ಣ್, ಕೊನೆಗೆ ಉ ಬರಬೇಕು. ಯೂನಿಕೋಡ್ ಹಿಡಿಯೋದು ಬಾಯಿಯ ಸಾಲು. ಹಾಗಾಗಿ ಪರಿವರ್ತಕ ಕೊಂಬನ್ನ ಕಿತ್ತು ಒತ್ತಿನ ಆಚೆ ಇಡಬೇಕು. "ವರ್ಧನ"ದಲ್ಲಿ ಇನ್ನೂ ಕಷ್ಟ. ಅರ್ಕಾವತ್ತು ಬರೆಯೋದು "ಧ" ಆದ ಮೇಲೆ, ಉಚ್ಚರಿಸೋದು "ಧ"ಕ್ಕೂ ಮುಂಚೆ. ಪರಿವರ್ತಕ ಹಿಂದಕ್ಕೆ ನಡೆದು, ಅಕ್ಷರ ಎಲ್ಲಿ ಶುರುವಾಯ್ತು ಅಂತ ಪತ್ತೆಹಚ್ಚಿ, ಅದರ ಮುಂದೆ ರ್ ಹಾಕಬೇಕು. ಅದಕ್ಕೂ ಮೊದಲು, "ದ"ದ ಹಿಂದೆ ಬಂದ ಹೊಟ್ಟೆಯ ಗೆರೆ ಸೇರಿ "ಧ" ಆಗಿದೆ ಅಂತಲೂ ಅರ್ಥ ಆಗಿರಬೇಕು.

ಶಾಸನಗಳಿಗೆ ಹೋದರೆ ಇದು ಇಮ್ಮಡಿ ಕಷ್ಟ. ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸುವುದು ಶಾಸನಗಳ ರೂಢಿ. ಧರ್ಮ್ಮ, ಕರ್ಮ್ಮ, ಹಾಗೇ ವಿಷ್ಣುವರ್ದ್ಧನ. ಈಗ ರ್ ಹಾರಬೇಕಾದ್ದು ಒಂದು ಅಕ್ಷರವನ್ನಲ್ಲ, ಅಕ್ಷರ ಮತ್ತು ಅದರ ಒತ್ತು ಎರಡನ್ನೂ. ಇಲ್ಲಿ ಎಡವದ ಪರಿವರ್ತಕ ಎಲ್ಲೂ ಎಡವಲ್ಲ ಅಂತ ನನ್ನ ಅನುಭವ.

ಇನ್ನು ಕಣ್ಣಿಗೆ ಕಾಣದ ಎಡವಟ್ಟು ಒಂದಿದೆ. ನಮ್ಮ ಮೂರು ಊರಿನ ಹೆಸರಲ್ಲೂ ದೀರ್ಘ ಇದೆ ನೋಡಿ: ಸೀ, ಬೇ, ಳೇ, ಬೀ. ಹಳೆಯ ಫಾಂಟಿನಲ್ಲಿ ಇದು "ಬೆ" ಮತ್ತು ದೀರ್ಘದ ಗುರುತು ಅಂತ ಎರಡು ತುಂಡು. ಯೂನಿಕೋಡಿನಲ್ಲಿ ಏಕಾರಕ್ಕೇ ಒಂದು ಸ್ವಂತ ಸಂಕೇತ ಇದೆ. ಆದರೆ ಬರೀ ದೀರ್ಘದ ಗುರುತಿಗೂ ಒಂದು ಮನೆ ಇಟ್ಟಿದಾರೆ! ಸೋಮಾರಿ ಪರಿವರ್ತಕ ತುಂಡಿಗೆ ತುಂಡು ಹಾಕಿ ಕೈತೊಳೆದುಕೊಳ್ಳುತ್ತೆ. ಪರದೆಯ ಮೇಲೆ "ಬೇಲೂರು" ಅಂತಲೇ ಕಾಣುತ್ತೆ, ಓದೋರಿಗೆ ಗೊತ್ತೇ ಆಗಲ್ಲ. ಆದರೆ ಎರಡು ರೂಪವನ್ನೂ ಒಂದೇ ಅಂತ ಸರಿಸಮ ಮಾಡಿಕೊಳ್ಳದ ಹುಡುಕುಯಂತ್ರದಲ್ಲಿ "ಬೇಲೂರು" ಅಂತ ಹುಡುಕಿದರೆ ಆ ಪುಟ ಸಿಗೋದೇ ಇಲ್ಲ. ಜಾಲದ ಹಳೆಯ ಪುಟಗಳಲ್ಲಿ ಇಂಥ ಒಡೆದ ದೀರ್ಘಗಳು ಈಗಲೂ ಬೇಕಾದಷ್ಟಿವೆ. ಊರು ಇದೆ, ನಕ್ಷೆಯಲ್ಲಿ ಇಲ್ಲ ಅನ್ನೋ ಥರ.

* * *

ಈ ಕಡೆಯ ಮಣ್ಣಿಗೆ ಲಿಪಿ ಬದಲಾಯಿಸೋ ಕೆಲಸ ಹೊಸದೇನಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಶಾಸನವನ್ನ ಇವತ್ತು ನೇರವಾಗಿ ನಿಂತು ಓದಬಲ್ಲವರು ಎಷ್ಟು ಜನ? ನಾವು ಓದೋದೆಲ್ಲ ಯಾರೋ ಹೊಸ ಲಿಪಿಗೆ ಇಳಿಸಿಕೊಟ್ಟದ್ದು. ಅದಕ್ಕೂ ಮುಂಚೆ 1902ರಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ, ಹಾಸನ ಜಿಲ್ಲೆಯ ಶಾಸನಗಳು, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯ್ತು. ಕಲ್ಲಿನ ಮೇಲೆ ಕಾಗದ ಒತ್ತಿ ಅಚ್ಚು ತೆಗೆಯೋದು, ಅದನ್ನ ಓದೋದು, ಹೊಸಗನ್ನಡ ಲಿಪಿಯಲ್ಲಿ ಒಂದು, ರೋಮನ್ ಲಿಪಿಯಲ್ಲಿ ಒಂದು, ಇಂಗ್ಲಿಷ್ ಅನುವಾದ ಒಂದು. ಬೇಲೂರು, ಅರಸೀಕೆರೆ ಅಂತ ತಾಲೂಕಿನ ಹೆಸರಿನ ಜೊತೆ ಕ್ರಮಸಂಖ್ಯೆ. ಹಳೇಬೀಡಿನ ಕಲ್ಲುಗಳೂ ಬೇಲೂರಿನ ಲೆಕ್ಕದಲ್ಲೇ ಬರ್ತವೆ.

ರೈಸ್ ಸಾಹೇಬರ ಕೆಲಸದಲ್ಲಿ ನನಗೆ ಇಷ್ಟವಾಗೋದು ಒಂದೇ. ಮೂಲವನ್ನ ಬಿಸಾಡಲಿಲ್ಲ. ಅನುವಾದ ಇದೆ ಅಂತ ಕನ್ನಡ ಪಾಠ ಬಿಡಲಿಲ್ಲ, ಕನ್ನಡ ಪಾಠ ಇದೆ ಅಂತ ರೋಮನ್ ಬಿಡಲಿಲ್ಲ. ಹಾಗಾಗಿ ಎಲ್ಲಿ ತಪ್ಪು ಓದಿದಾರೆ ಅಂತ ಆಮೇಲಿನವರು ಹಿಡಿಯೋದಕ್ಕೆ ಸಾಧ್ಯ ಆಯ್ತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿದ ಸಂಪುಟಗಳನ್ನು ತರೋದಕ್ಕೂ ಇದೇ ಬುನಾದಿ.

ಶಾಸನದ ಪಾಠ ಕಂಪ್ಯೂಟರಿಗೆ ಬಂದಾಗ ಎರಡು ಅಕ್ಷರ ಕಾಡುತ್ತವೆ: ಱ ಮತ್ತು ೞ. ಈ ಹಳೆಯ ರ, ಹಳೆಯ ಳ ಈಗ ಬಳಕೆಯಲ್ಲಿಲ್ಲ. 256 ಮನೆಯ ಇಕ್ಕಟ್ಟಿನಲ್ಲಿ ಇವಕ್ಕೆ ಬಾಡಿಗೆ ಮನೆ ಸಿಗೋದು ಫಾಂಟ್ ಮಾಡಿದವರ ಮರ್ಜಿ. ಯೂನಿಕೋಡಿನಲ್ಲಿ ಎರಡಕ್ಕೂ ಜಾಗ ಇದೆ, ಆದರೆ ೞ ಅಕ್ಷರದ ಅಧಿಕೃತ ಹೆಸರು ಏನು ಗೊತ್ತಾ? "ಕನ್ನಡ ಅಕ್ಷರ ಫ"! ಇಂಗ್ಲಿಷಿನ ಎಫ್ ಉಚ್ಚಾರದ ಫ. ಯಾರೋ ಮೊದಲಿಗೆ ತಪ್ಪು ಹೆಸರು ಹಾಕಿದರು. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡಿನ ನಿಯಮ. ಹಾಗಾಗಿ ತಪ್ಪನ್ನ ಒಪ್ಪಿಕೊಂಡು, ಸರಿ ಹೆಸರನ್ನ ಅಡ್ಡಹೆಸರಾಗಿ ಸೇರಿಸಿದಾರೆ. ಕಲ್ಲಿನ ಮೇಲೆ ಕೆತ್ತಿದ್ದೂ ಅಳಿಸಲ್ಲ, ಇದೂ ಅಳಿಸಲ್ಲ.

* * *

ಇದೆಲ್ಲ ನನ್ನ ತಲೆಗೆ ಹತ್ತಿದ್ದು ನಮ್ಮ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ದೆಸೆಯಿಂದ. ಬೇಲೂರು-ಹಳೇಬೀಡು ಸುತ್ತಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ದೇವಸ್ಥಾನದ ಐತಿಹ್ಯ, ಇವನ್ನೆಲ್ಲ ಸೈಕಲ್ಲಲ್ಲಿ ಸುತ್ತಿ ಬರೆದಿಟ್ಟವರು. ಆ ಬರಹವನ್ನ ನಾಲ್ಕಾರು ವರ್ಷ, ಮೂರು ಬೇರೆ ಬೇರೆ ಅಂಗಡಿಗಳಲ್ಲಿ, ದುಡ್ಡು ಕೂಡಿದಾಗ ಒಂದಿಷ್ಟು ಅಂತ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ. ಕೈಬರಹದ ನೋಟುಪುಸ್ತಕಗಳಲ್ಲಿ ಅರ್ಧ ಗೆದ್ದಲಿಗೆ ಹೋಯ್ತು. ಉಳಿದದ್ದು ಒಂದು ಸಿಡಿ. ಅದರಲ್ಲಿದ್ದ ಕೆಲವು ಕಲ್ಲುಗಳು ರಸ್ತೆ ಅಗಲ ಮಾಡುವಾಗ ಮಾಯವಾಗಿವೆ. ಅಂದ್ರೆ ಕಲ್ಲೂ ಇಲ್ಲ, ಕಾಗದವೂ ಇಲ್ಲ. ಇರೋದು ಗೀಟಿನ ಎ ಮತ್ತು ಪೌಂಡ್ ಚಿಹ್ನೆ ಮಾತ್ರ.

"ಲೋ, ನೀನು ಕಂಪ್ಯೂಟ್ರು ಓದಿದೀಯಲ್ಲ, ಇದನ್ನ ಓದೋ ಹಾಗೆ ಮಾಡ್ಕೊಡಪ್ಪ" ಅಂದ್ರು ಮೇಷ್ಟ್ರು. ಇಲ್ಲ ಅನ್ನೋಕಾಗುತ್ತಾ?

ಸಿಡಿಯಲ್ಲಿದ್ದದ್ದು ಮೂರು ಥರ. ಒಂದಿಷ್ಟು ವರ್ಡ್ ಕಡತಗಳು ನುಡಿಯಲ್ಲಿ, ಒಂದಿಷ್ಟು ಪೇಜ್‌ಮೇಕರ್ ಕಡತಗಳು ಬೇರೊಂದು ವಾಣಿಜ್ಯ ಫಾಂಟಿನಲ್ಲಿ, ಇನ್ನೊಂದಿಷ್ಟು ಬರೀ ಪಠ್ಯ, ಯಾವ ಫಾಂಟು ಅನ್ನೋದೇ ಬರೆದಿಲ್ಲ. ಈ ಮೂರನೇದಕ್ಕೆ ಉಪಾಯ ಇದೆ. ಆಗಾಗ ಬರೋ ಸಂಕೇತ ಯಾವುದು ಅಂತ ಎಣಿಸೋದು. ನುಡಿ-ಬರಹದ ಕಡತವಾದರೆ ತಲೆಕಟ್ಟಿನ ಗೀಟಿನ ಎ ಎಲ್ಲಕ್ಕಿಂತ ಹೆಚ್ಚು ಬಂದಿರುತ್ತೆ. ಅದು ಕಂಡರೆ ಅರ್ಧ ಕೆಲಸ ಆದಂತೆ.

ನಾಲ್ಕು ಪರಿವರ್ತಕ ಕೂಡಿಹಾಕಿದೆ. ಎಲ್ಲವೂ ಉಚಿತ, ಎಲ್ಲವೂ "ನೂರಕ್ಕೆ ನೂರು" ಅನ್ನೋವೇ. ಹೆಸರು ಹೇಳಲ್ಲ, ಮಾಡಿದವರು ನಮ್ಮಂಥವರೇ, ರಾತ್ರಿ ನಿದ್ದೆಗೆಟ್ಟು ಮಾಡಿದವರು. ಎಲ್ಲಕ್ಕೂ ಒಂದೇ ಪುಟ ಕೊಟ್ಟೆ: ಮೂರು ಊರಿನ ಹೆಸರು, ವಿಷ್ಣುವರ್ದ್ಧನ, ಹೊಯ್ಸಳೇಶ್ವರ, ಸ್ವಾತಂತ್ರ್ಯ, ಒಂದು ರ‍್ಯಾಂಕ್, ಶಕವರ್ಷದ ಅಂಕಿ, ನಡುವೆ ನಾಲ್ಕು ಇಂಗ್ಲಿಷ್ ಪದ.

ಮೊದಲನೆಯದು ಇಂಗ್ಲಿಷ್ ಪದಗಳನ್ನೂ ಕನ್ನಡ ಅಂತಲೇ ತಿಳಿದು ಕಲಸಿಬಿಟ್ಟಿತು. ಅದರ ತಪ್ಪೂ ಅಲ್ಲ ಅನ್ನಿ. ಬರೀ ಪಠ್ಯವಾದ ಮೇಲೆ ಯಾವುದು ಯಾವ ಫಾಂಟಿನಲ್ಲಿತ್ತು ಅನ್ನೋ ಗುರುತೇ ಉಳಿಯಲ್ಲ. ಇದಕ್ಕೆ ಬೇಕಾದ್ದು ಫಾಂಟಿನ ಹೆಸರನ್ನೂ ಓದಿಕೊಂಡು ಹೋಗೋ ಪರಿವರ್ತಕ. ಎರಡನೆಯದು ಅಂಥದ್ದೇ, ಇಂಗ್ಲಿಷ್ ಮುಟ್ಟಲಿಲ್ಲ, ಆದರೆ ದೀರ್ಘಗಳನ್ನೆಲ್ಲ ಒಡೆದುಹಾಕಿತು. ಮೂರನೆಯದು "ವರ್ದ್ಧನ"ದಲ್ಲಿ ರ್ ಅನ್ನು ದ ಮತ್ತು ಧ ನಡುವೆ ತುರುಕಿತು. ನಾಲ್ಕನೆಯದು ನಿಧಾನ, ನೋಡೋಕೆ ಚೆಂದವಿಲ್ಲ, ಒಂದೊಂದೇ ಕಡತ ಕೊಡಬೇಕು, ಆದರೆ "ರ‍್ಯಾಂಕ್" ಬಿಟ್ಟು ಮಿಕ್ಕಿದ್ದೆಲ್ಲ ಸರಿ. ಹಳ್ಳಿ ವೀರಗಲ್ಲಿನ ಬರಹದಲ್ಲಿ ರ‍್ಯಾಂಕ್ ಎಷ್ಟು ಸಲ ಬರುತ್ತೆ ಹೇಳಿ? ಅದನ್ನೇ ಹಿಡಿದೆ. ಇಂಗ್ಲಿಷ್ ಇದ್ದ ಪುಟಗಳನ್ನ ಮಾತ್ರ ಎರಡನೆಯದಕ್ಕೆ ಕೊಟ್ಟು, ಒಡೆದ ದೀರ್ಘಗಳನ್ನ ಆಮೇಲೆ ಒಂದೇ ಏಟಿಗೆ ಸರಿಪಡಿಸಿದೆ. ಈ ಒಡಕು ನಿಯಮಬದ್ಧ ತಪ್ಪು, ಹುಡುಕಿ ಬದಲಿಸಿದರೆ ಹೋಗುತ್ತೆ. ತಪ್ಪು ಜಾಗಕ್ಕೆ ಹಾರಿದ ಅರ್ಕಾವತ್ತನ್ನ ಹಾಗೆ ಹಿಡಿಯೋದು ಕಷ್ಟ. ಆಯ್ಕೆ ಮಾಡುವಾಗ ಎಷ್ಟು ತಪ್ಪು ಅಂತ ಎಣಿಸೋದಕ್ಕಿಂತ ಎಂಥ ತಪ್ಪು ಅಂತ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಅಂಕಿಗಳದ್ದು ಇನ್ನೊಂದು ಕಿತಾಪತಿ. ನುಡಿ ಫಾಂಟಿನ ಹೆಸರಿನ ಕೊನೆಯಲ್ಲಿ "ಇ" ಇದ್ದರೆ ಇಂಗ್ಲಿಷ್ ಅಂಕಿ, "ಕೆ" ಇದ್ದರೆ ಕನ್ನಡ ಅಂಕಿ. ಒಳಗಿನ ಸಂಕೇತ ಮಾತ್ರ ಎರಡಕ್ಕೂ ಒಂದೇ. ಅಂದ್ರೆ ಪರಿವರ್ತಿಸಿದ ಕೂಡಲೇ ಮೇಷ್ಟ್ರು ಕನ್ನಡದಲ್ಲಿ ಹಾಕಿಸಿದ್ದ ಶಕವರ್ಷಗಳೆಲ್ಲ ಇಂಗ್ಲಿಷ್ ಅಂಕಿಯಾದವು. "ಆಗ್ಲಿ ಬಿಡಪ್ಪ, ವರ್ಷ ಸರಿ ಇದ್ರೆ ಸಾಕು" ಅಂದ್ರು.

ವರ್ಡ್ ಮಾಡಿದ ಉಪಕಾರ ಬೇರೆ. ವಾಕ್ಯದ ಮೊದಲ ಅಕ್ಷರ ದೊಡ್ಡಕ್ಷರ ಆಗಬೇಕು ಅಂತ ಅದು ತಾನಾಗೇ ತಿದ್ದುತ್ತಲ್ಲ, ವೇಷದ ಕನ್ನಡವನ್ನೂ ಇಂಗ್ಲಿಷ್ ಅಂದುಕೊಂಡು ತಿದ್ದಿದೆ! ಸಣ್ಣಕ್ಷರ ದೊಡ್ಡದಾದರೆ ಕನ್ನಡದಲ್ಲಿ ಅಕ್ಷರವೇ ಬೇರೆ. ಟೈಪ್ ಮಾಡುವಾಗ ಆ ಸೌಲಭ್ಯ ಆರಿಸಿಡದೆ ಹೋದರೆ ಹೀಗೇ. ಇದನ್ನ ಯಾವ ಪರಿವರ್ತಕವೂ ಸರಿಮಾಡಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು, ನಾನು ಓದೋದು, ಅವರು "ಊಹ್ಞೂಂ, ಅದು ಗೌಡ ಅಲ್ಲ, ಗವುಂಡ" ಅಂತ ನೆನಪಿನಿಂದ ಹೇಳೋದು. ಹಾಗೆ ತಿದ್ದಿದ್ದೇ ಹೆಚ್ಚು.

ಪೇಜ್‌ಮೇಕರ್ ಭಾಗಕ್ಕೆ ಬಂದಾಗ ಉಸಿರು ಕಟ್ಟಿತು. ಫಾಂಟ್ ಕಡತ ಸಿಡಿಯಲ್ಲಿಲ್ಲ, ಟೈಪ್ ಮಾಡಿದ ಅಂಗಡಿ ಮುಚ್ಚಿದೆ, ಲಾಕ್ ಎಲ್ಲಿದೆಯೋ. ಕೊನೆಗೆ ಹಳೆಯ ಪೇಜ್‌ಮೇಕರ್ ಇನ್ನೂ ಓಡುತ್ತಿದ್ದ ಒಂದು ಕಂಪ್ಯೂಟರ್ ಹುಡುಕಿ ಪಠ್ಯ ಹೊರತೆಗೆದೆ. ಯಾವ ಸಂಕೇತಕ್ಕೆ ಯಾವ ಅಕ್ಷರ ಅನ್ನೋ ಪಟ್ಟಿಯನ್ನ ನಾವೇ ಕಟ್ಟಬೇಕಾಯ್ತು. ಮೇಷ್ಟ್ರ ಹತ್ತಿರ ಆ ಅಧ್ಯಾಯದ ಎಂಟು ಪುಟ ಕರಡು ಪ್ರಿಂಟ್ ಉಳಿದಿತ್ತು, ಪುಣ್ಯಕ್ಕೆ. ಪ್ರಿಂಟಿನ ಒಂದು ಸಾಲು, ಕಡತದ ಒಂದು ಸಾಲು ಎದುರುಬದುರು ಇಟ್ಟು ಅಕ್ಷರ ಕಂಡುಹಿಡಿಯೋದು. ಎರಡು ಭಾಷೆಯಲ್ಲಿರೋ ಶಾಸನ ಇಟ್ಟುಕೊಂಡು ಗೊತ್ತಿಲ್ಲದ ಲಿಪಿ ಒಡೀತಾರಲ್ಲ, ಆ ಕೆಲಸವೇ. ನೂರಾ ಮೂವತ್ತು ಚಿಲ್ಲರೆ ಸಂಕೇತ ಪತ್ತೆಯಾದವು. ಏಳೆಂಟು ಇವತ್ತಿಗೂ ಆಗಿಲ್ಲ. ಆ ಎಂಟು ಪುಟದಲ್ಲಿ ಅವು ಬರಲೇ ಇಲ್ಲ.

* * *

2012ರಲ್ಲಿ ಕರ್ನಾಟಕ ಸರ್ಕಾರ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿಕೊಂಡಿತು. ನುಡಿಯ ಆಮೇಲಿನ ಆವೃತ್ತಿಗಳಲ್ಲೂ ಯೂನಿಕೋಡ್ ಬಂತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡಲು ಮುಂದಾಯ್ತು, ಅದು ವಿಕಿಸೋರ್ಸಿಗೆ ಬರತೊಡಗಿತು. ಅರವಿಂದ ವಿ. ಕೆ. ಅವರು ಮಾಡಿದ ಪರಿವರ್ತಕದ ಹೆಸರು ನನಗೆ ಬಹಳ ಹಿಡಿಸಿತು: "ಸಂಕ". ಮಲೆನಾಡಿನವರಿಗೆ ಗೊತ್ತು, ಹಳ್ಳ ದಾಟೋಕೆ ಅಡ್ಡ ಹಾಕಿದ ಮರದ ಕಾಲುಸೇತುವೆ. ನುಡಿ-ಬರಹದ ದಡದಿಂದ ಈ ದಡಕ್ಕೆ ಬರೋಕೆ ಈಗ ಯಾರೂ ಒದ್ದಾಡಬೇಕಿಲ್ಲ, ಬ್ರೌಸರಿನಲ್ಲೇ ಅಂಟಿಸಿದರೆ ಆಯ್ತು.

ಅಚ್ಚಿನ ಲೋಕ ಮಾತ್ರ ಬೇಗ ಬರಲಿಲ್ಲ. ಬೈದುಕೊಳ್ಳೋಕೆ ಮುಂಚೆ ಕಾರಣ ನೋಡಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರ 7.0, ಅದಕ್ಕೆ ಯೂನಿಕೋಡ್ ಕನ್ನಡ ಬರಲ್ಲ. ಅಂಗಡಿಯವನಿಗೆ ಅದು ಕೈಗೆ ಪಳಗಿದ ಹತಾರ, ದುಡ್ಡು ಕೊಟ್ಟು ತಂದ ಫಾಂಟುಗಳ ಅಂದ ಬೇರೆ ಕಡೆ ಸಿಗುತ್ತಿರಲಿಲ್ಲ. ಬಿಡು ಅಂದ್ರೆ ಹೇಗೆ ಬಿಡ್ತಾನೆ? ಹಾಗಾಗಿ ನಾವು ಯೂನಿಕೋಡಿನಲ್ಲಿ ಬರೆದು ಕಳಿಸಿದ್ದನ್ನ ಅಚ್ಚಿಗಾಗಿ ಹಿಂದಕ್ಕೆ, ವೇಷದ ಕನ್ನಡಕ್ಕೆ ಬದಲಾಯಿಸೋ ತಮಾಷೆ ಬಹಳ ವರ್ಷ ನಡೀತು. ನಿಮ್ಮಲ್ಲಿ ಪತ್ರಿಕೆಗೆ ಲೇಖನ ಕಳಿಸಿದವರಿಗೆ ಈ ಅನುಭವ ಇದ್ದೇ ಇರುತ್ತೆ. ಕಳಿಸಿದ್ದು "ರ‍್ಯಾಂಕ್", ಅಚ್ಚಾಗಿದ್ದು ದೇವರೇ ಬಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಕಲ್ಲುಗಳಿಗೆ ಈಗ ಕಾವಲಿದೆ, ಸಂತೋಷ. ಹಳ್ಳಿ ಮೂಲೆಯ ವೀರಗಲ್ಲಿನ ಬಗ್ಗೆ, ಊರಹಬ್ಬದ ಬಗ್ಗೆ, 1995ರಿಂದ 2010ರ ನಡುವೆ ಇಂಥ ಅಂಗಡಿಗಳಲ್ಲಿ ಟೈಪ್ ಆದ ಸ್ಮರಣಸಂಚಿಕೆ, ಶಾಲೆಯ ಪತ್ರಿಕೆ, ಸ್ಥಳಪುರಾಣಗಳು ಎಷ್ಟೋ ಇವೆ. ಅಚ್ಚಾದ ಪ್ರತಿ ಸಿಕ್ಕರೆ ಸ್ಕ್ಯಾನ್ ಮಾಡಿ ಓಸಿಆರ್‌ಗೆ ಕೊಡಬಹುದು, ಕನ್ನಡ ಓಸಿಆರ್ ಈಗ ಸಾಕಷ್ಟು ಚೆನ್ನಾಗಿದೆ. ಅಚ್ಚಾಗದೇ ಉಳಿದದ್ದಕ್ಕೆ ಕಡತವೊಂದೇ ಗತಿ.

ನಿಮ್ಮೂರಿನ ಹಳೆಯ ಡಿಟಿಪಿ ಅಂಗಡಿಯವರ ಹತ್ತಿರ ಹಳೇ ಹಾರ್ಡ್‌ಡಿಸ್ಕ್, ಫ್ಲಾಪಿ ಪೆಟ್ಟಿಗೆ ಇದ್ದರೆ ಗುಜರಿಗೆ ಹೋಗೋ ಮುಂಚೆ ಒಂದು ಮಾತು ಕೇಳಿ. ತಗೊಂಡರೆ ಫಾಂಟ್ ಕಡತಗಳನ್ನೂ ಕಾಪಿ ಮಾಡ್ಕೊಳ್ಳಿ, ಮೂಲ ಕಡತ ಹಾಗೇ ಇರಲಿ, ಪರಿವರ್ತಿಸಿದ್ದು ಬೇರೆ ಇರಲಿ. ಮೇಷ್ಟ್ರ ಪೇಜ್‌ಮೇಕರ್ ಕಡತಗಳ ಆ ಏಳೆಂಟು ಸಂಕೇತದ ಜಾಗದಲ್ಲಿ ನಾನು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದೀನಿ. ಅದರಲ್ಲೊಂದು ೞ ಇರಬೇಕು ಅಂತ ಅವರ ಗುಮಾನಿ.